ಗೇಟಿನ ಮೇಲಿನ ಮುಖ

"ಮುಖ ಕುಯ್ಯೇ, ಮುಖ!" ಎಂದು ನಾನು ಕೆಳಗಿನಿಂದ ಕೂಗಿದೆ.

ಕಾಲೇಜಿನ ಗೇಟಿನ ಅಡ್ಡಕಂಬಿಯ ಮೇಲೆ ಒಂದು ಕಾಲು, ಕಾಂಪೌಂಡು ಗೋಡೆಯ ಮೇಲೆ ಇನ್ನೊಂದು ಕಾಲು ಊರಿ ವಾರಿಜಾ ನಿಂತಿದ್ದಳು. ಕೈಯಲ್ಲಿ ಹಾಸ್ಟೆಲ್ ಮೆಸ್ಸಿನ ತರಕಾರಿ ಚಾಕು. ಭಾನುವಾರದ ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ನಾನು ಅವಳ ಮೊಣಕಾಲನ್ನು ತಬ್ಬಿ ಹಿಡಿದಿದ್ದೆ. ನಮ್ಮಿಬ್ಬರ ತಲೆಯ ಮೇಲೆ ಇನ್ನೊಬ್ಬ ವಾರಿಜಾ, ಆಳುದ್ದದವಳು, ಅಳುತ್ತಿದ್ದಳು. ಬಾಯಿ ಸೊಟ್ಟಗಾಗಿತ್ತು, ಕೂದಲು ಕೆನ್ನೆಗೆ ಅಂಟಿತ್ತು, ಮೂಗು ಒರೆಸಿಕೊಳ್ಳಲು ಎತ್ತಿದ ಕೈ ಅರ್ಧದಲ್ಲೇ ನಿಂತಿತ್ತು.

"ಮುಖ ಇರ್ಲಿ ಬಿಡೇ" ಎಂದು ಅವಳು ಫ್ಲೆಕ್ಸಿನ ಕೆಳಗಿದ್ದ ಹಳದಿ ಅಕ್ಷರಗಳಿಗೆ ಚಾಕು ಇಟ್ಟಳು. ಅವಳಿಗೆ ತಲೆ ಕೆಟ್ಟಿದೆ ಎಂದೇ ನನಗನ್ನಿಸಿತು. ಇಷ್ಟು ಕಷ್ಟಪಟ್ಟು ಹತ್ತಿ, ಹರಿಯಬೇಕಾದ್ದನ್ನು ಬಿಟ್ಟು ಬೇರೇನನ್ನೋ ಹರಿಯುತ್ತಿದ್ದಾಳಲ್ಲ! ಕೊನೆಯ ಸಾಲು ಮಾತ್ರ ಹರಿದು ಜೋತುಬೀಳುವ ಹೊತ್ತಿಗೆ ವಾಚ್‌ಮನ್ ಮರಿಯಪ್ಪ ಊಟದ ಕೈಯಲ್ಲೇ ಓಡಿಬಂದ.

"ಇಳೀರವ್ವಾ ಕೆಳಕ್ಕೆ! ಬಿದ್ದು ಕಾಲು ಮುರಕಂಡ್ರೆ ನನ್ನ ಕೆಲ್ಸ ಹೋಯ್ತದೆ!"

ಆ ಕಾಲೇಜಿನಲ್ಲಿ ಫ್ಲೆಕ್ಸಿಗೆ ಏರದ ಸಂಗತಿ ನಡೆದೇ ಇಲ್ಲ ಎಂದು ಲೆಕ್ಕ. ಗಿಡ ನೆಟ್ಟರೆ ಫ್ಲೆಕ್ಸು, ರಕ್ತ ಕೊಟ್ಟರೆ ಫ್ಲೆಕ್ಸು, ರ‍್ಯಾಂಕು ಬಂದವರ ಮುಖ ಬಿಸಿಲಿಗೆ ನೀಲಿಗಟ್ಟುವವರೆಗೂ ಗೇಟಿನ ಮೇಲೆ ಫ್ಲೆಕ್ಸು. ಅಲ್ಲಿ ಮುಖ ಬಂದರೆ ಮನೆಯವರು ಬಾಡಿಗೆ ಕಾರು ಮಾಡಿಕೊಂಡು ಬಂದು ನೋಡಿ ಹೋಗುತ್ತಿದ್ದರು. ಗೇಟಿನ ಮೇಲಿನ ಮುಖ ಎಂದರೆ ಗೌರವ. ಈ ಒಂದು ನಂಬಿಕೆಯಿಂದಲೇ ಅಷ್ಟೂ ಅನಾಹುತವಾಯಿತು.

ವಾರಿಜಾ ನನ್ನ ರೂಮ್‌ಮೇಟು. ಮೊದಲ ವರ್ಷ ಮೆಸ್ಸಿನಲ್ಲಿ ಸಾರಿಗೆ ಮತ್ತೆ ಮತ್ತೆ ತಟ್ಟೆಯೊಡ್ಡಿ, "ನಿನ್ನ ಹೊಟ್ಟೇಲೇನು ಬಾವಿ ಐತಾ?" ಎಂದು ಅಡುಗೆಯವಳಿಂದ ಬೈಸಿಕೊಳ್ಳುತ್ತಿದ್ದವಳು, ಎರಡನೇ ವರ್ಷ ಮೆಸ್ಸಿಗೆ ಬರುವುದನ್ನೇ ಬಿಟ್ಟಳು. ಆಮೇಲೆ ತರಗತಿ ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದರೆ ನಾನು ಕಾಲೇಜು ಮುಗಿಸಿ ಬಂದಾಗಲೂ ಅದೇ ಮಗ್ಗುಲು.

"ಏನಾಯ್ತೇ ನಿಂಗೆ?"

"ಏನೂ ಆಗಿಲ್ಲ ಕಣೇ. ಅದೇ ಆಗಿರೋದು."

ವಾರ್ಡನ್ನಮ್ಮ ಬಂದು ಬಾಗಿಲಲ್ಲೇ ನಿಂತು, "ಲವ್ವು ಗಿವ್ವು ಏನಾದ್ರೂ ಇದ್ಯಾ? ಇಲ್ವಾ? ಹಂಗಾದ್ರೆ ಉಷ್ಣ. ತಲೆಗೆ ಹರಳೆಣ್ಣೆ ಹಾಕ್ಕೊಂಡು ನೀರು ಹುಯ್ಕೋ" ಎಂದು ಹೋದರು.

ಅದೇ ವರ್ಷ ಕಾಲೇಜಿಗೆ ತಪಾಸಣಾ ಸಮಿತಿ ಬರುವುದೆಂದು ಗೊತ್ತಾಯಿತು. ಸಮಿತಿಗೆ ತೋರಿಸಲು ಆಪ್ತ ಸಮಾಲೋಚನಾ ಕೇಂದ್ರ ಬೇಕಾಗಿತ್ತು. ಆಟದ ಸಾಮಾನು ತುಂಬಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಟೇಪು ಕತ್ತರಿಸಿದರು. ಕಿಟಕಿಗೆ ಪ್ರಿನ್ಸಿಪಾಲರ ಕೋಣೆಯ ಹಸಿರು ಪರದೆ ತಂದು ಕಟ್ಟಿದ್ದರು. ಉದ್ಘಾಟನೆಯ ಊಟ ಮುಗಿಯುವಷ್ಟರಲ್ಲಿ ಪರದೆ ಅದರ ಜಾಗಕ್ಕೆ ವಾಪಸು ಹೋಯಿತು.

ಆದರೂ ಆ ಕೋಣೆಗೆ ಗುರುವಾರ ಗುರುವಾರ ಜಿಲ್ಲಾಸ್ಪತ್ರೆಯಿಂದ ಶಾಂಭವಿ ಮೇಡಂ ಎಂಬುವರು ಬರತೊಡಗಿದರು. ನಾನೇ ವಾರಿಜಾಳನ್ನು ಎಬ್ಬಿಸಿ, ತಲೆ ಬಾಚಿ, ಕೈಹಿಡಿದು ಕರೆದೊಯ್ದೆ. ಮೊದಲ ವಾರ ಅವಳು ಒಂದು ಮಾತೂ ಆಡಲಿಲ್ಲವಂತೆ. ಮೇಡಂ ಕೂಡ ಆಡಲಿಲ್ಲವಂತೆ. "ಸುಮ್ನೆ ಕೂತಿದ್ರು ಕಣೇ. ಗಡಿಯಾರ ಕೂಡ ನೋಡ್ಲಿಲ್ಲ" ಎಂದಳು, ಅದೇನೋ ದೊಡ್ಡ ಅಚ್ಚರಿಯೆಂಬಂತೆ. ಇನ್ನೊಂದು ಗುರುವಾರ ಅತ್ತಳು. ಆ ಸಂಜೆ ಮೆಸ್ಸಿಗೆ ಬಂದು ಅರ್ಧ ಚಪಾತಿ ತಿಂದಳು. ಅಡುಗೆಯವಳು ಏನೂ ಬೈಯದೆ ಸೌಟು ತುಂಬಾ ಸಾರು ಹಾಕಿದಳು. ಗುರುವಾರಗಳಂದು ಅವಳು ತಾನೇ ಏಳತೊಡಗಿದಳು. ಆಮೇಲಾಮೇಲೆ ಶುಕ್ರವಾರವೂ.

ಅವಳು ಅತ್ತ ಆ ದಿನ ಪರದೆಯಿಲ್ಲದ ಕಿಟಕಿಯ ಆಚೆ ಕಾಮರ್ಸ್ ಮೇಷ್ಟ್ರು ತಿಪ್ಪೇರುದ್ರಯ್ಯ ಕ್ಯಾಮೆರಾ ಹಿಡಿದು ನಿಂತಿದ್ದರು. ಕಾಲೇಜಿನ ಎಲ್ಲ ಕಾರ್ಯಕ್ರಮಗಳ ಫೋಟೊ ತೆಗೆಯುವ ಜವಾಬ್ದಾರಿ ಅವರದು.

ಫ್ಲೆಕ್ಸು ಏರಿದ ಬೆಳಿಗ್ಗೆ ಗೇಟಿನ ಮುಂದೆ ಗುಂಪು ಸೇರಿತ್ತು. ಮೇಲೆ ಪ್ರಿನ್ಸಿಪಾಲರ ನಗುಮುಖ, ನಡುವೆ ಅಳುವ ವಾರಿಜಾ. ಕೆಳಗೆ: "ನೊಂದ ವಿದ್ಯಾರ್ಥಿನಿಗೆ ಸಾಂತ್ವನ. ಆಪ್ತ ಸಮಾಲೋಚನಾ ಕೇಂದ್ರ, ಸದಾ ನಿಮಗಾಗಿ ತೆರೆದಿದೆ." ಮಧ್ಯಾಹ್ನದೊಳಗೆ ಅವಳಿಗೊಂದು ಹೊಸ ಹೆಸರಾಯಿತು. ಹುಡುಗರು ಸೈಕಲ್ ಸ್ಟ್ಯಾಂಡಿನಿಂದ ಕೂಗುತ್ತಿದ್ದರು: "ಏ ಸಾಂತ್ವನ, ಕರ್ಚೀಫ್ ಬೇಕೇನೇ?"

ನಾನು ತಿಪ್ಪೇರುದ್ರಯ್ಯನವರ ಹತ್ತಿರ ಹೋಗಿ ಗಂಟಲು ಹರಿಯುವಂತೆ ಜಗಳವಾಡಿದೆ. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅಲ್ಲಮ್ಮಾ, ರ‍್ಯಾಂಕ್ ಬಂದೋರಿಗೆ ಸಿಗೋ ಜಾಗ ಅದು. ಲೈಟಿಂಗ್ ಎಷ್ಟು ಚೆನ್ನಾಗಿ ಬಿದ್ದಿದೆ ನೋಡ್ದ್ಯಾ? ಒಂದೊಂದು ಹನೀನೂ ಕಾಣ್ಸುತ್ತೆ" ಎಂದರು. ದುಷ್ಟನ ಎದುರು ಸಿಟ್ಟು ಮಾಡಿಕೊಳ್ಳುವುದು ಸುಲಭ. ಖುಷಿಯಾಗಿರುವವನ ಎದುರು ಸಿಟ್ಟಿಗೆ ಕಾಲೂರಲು ಜಾಗವೇ ಸಿಗುವುದಿಲ್ಲ.

ನನಗಿಂತ ವಾರಿಜಾಳೇ ಸಮಾಧಾನವಾಗಿದ್ದಳು. ಆ ಗುರುವಾರವೂ ಎದ್ದು, ತನ್ನ ಮುಖದ ಕೆಳಗೇ ತಲೆಬಗ್ಗಿಸಿ ಗೇಟು ದಾಟಿ, ಸಮಾಲೋಚನೆಯ ಕೋಣೆಗೆ ಹೋದಳು. ತಿರುಗಿ ಬಂದವಳು ಏನನ್ನೂ ಹೇಳಲಿಲ್ಲ. ಮಲಗಿದಳು. ಭಾನುವಾರ ಊಟದ ಹೊತ್ತಿಗೆ ಎದ್ದು, "ಒಂದು ಚಾಕು ಬೇಕಿತ್ತಲ್ಲ" ಎಂದಾಗ ನಾನು ಗಾಬರಿಯಿಂದ ಅವಳನ್ನೇ ನೋಡಿದೆ. "ಫ್ಲೆಕ್ಸಿಗೆ ಕಣೇ, ಹಂಗೆ ನೋಡ್ಬೇಡ" ಎಂದು ಅವಳೇ ನಕ್ಕಳು. ಎಷ್ಟೋ ತಿಂಗಳ ಮೇಲೆ ಕಂಡ ಆ ನಗುವಿಗೆ ಸೋತು ನಾನು ಮೆಸ್ಸಿನಿಂದ ಚಾಕು ಕದ್ದೆ.

ಸೋಮವಾರ ಇಬ್ಬರನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆಸಿದರು. ತಿಪ್ಪೇರುದ್ರಯ್ಯನವರು ಒಂದು ಪಕ್ಕ ಕುಳಿತಿದ್ದರು, ಮನಸ್ಸು ನೊಂದವರ ಹಾಗೆ. ಕಿಟಕಿಗೆ ಹಸಿರು ಪರದೆ ಪೂರ್ತಿ ಎಳೆದಿತ್ತು.

"ಕೂತ್ಕೊಳ್ಳಮ್ಮಾ. ಕಾಫಿ ಕುಡೀತೀಯಾ?" ಎಂದರು ಪ್ರಿನ್ಸಿಪಾಲರು. ಬೈಯುತ್ತಾರೆಂದು ಸಿದ್ಧಳಾಗಿ ಬಂದಿದ್ದ ನನಗೆ ಆ ಮೃದುತನದಿಂದ ಇನ್ನಷ್ಟು ಉರಿಯಿತು. "ನಿನ್ನ ಫೋಟೊ ಹಾಕಿದ್ದು ಬೇಜಾರಾಗಿದೆ, ಒಪ್ಕೋತೀನಿ. ಹೊಸ ಫ್ಲೆಕ್ಸ್ ಮಾಡಿಸೋಣ. ಮುಖ ಮಸುಕು ಮಾಡಿಸಿಬಿಡ್ತೀವಿ."

"ಕಳ್ಳರಿಗೆ ಮಾಡಿಸ್ತಾರಲ್ಲ ಸಾರ್, ಹಂಗಾ?" ಎಂದೆ ನಾನು.

"ನೀನು ಸುಮ್ನಿರು."

ವಾರಿಜಾ ಮೆಲ್ಲಗೆ, "ಫೋಟೊಗಲ್ಲ ಸಾರ್ ಹರಿದಿದ್ದು" ಎಂದಳು.

"ಮತ್ತೆ?"

"ಸದಾ ತೆರೆದಿದೆ ಅಂತ ಬರೆದಿತ್ತು. ಗುರುವಾರ ಹೋದೆ. ಬೀಗ ಹಾಕಿತ್ತು. ಮೇಡಂ ಇನ್ಮೇಲೆ ಬರಲ್ಲ ಅಂದ್ರು ಆಫೀಸಲ್ಲಿ."

ನನಗೆ ಅಷ್ಟರವರೆಗೂ ಅದು ಗೊತ್ತಿರಲಿಲ್ಲ. ತಿಪ್ಪೇರುದ್ರಯ್ಯನವರೇ ತಡೆಯಲಾರದೆ ಬಾಯಿಬಿಟ್ಟರು: "ಆ ಮೇಡಂದೂ ಜಾಸ್ತಿ ಆಯ್ತು ಬಿಡಿ. ಫ್ಲೆಕ್ಸ್ ಇಳಿಸೋ ತನಕ ಆ ರೂಮಲ್ಲಿ ಯಾವ ಮಗೂನೂ ಕೂರಿಸಲ್ಲ ಅಂತ ಪ್ರಿನ್ಸಿಪಾಲ್ ಸಾಹೇಬ್ರ ಮುಂದೇನೇ ಹೇಳೋದಾ?"

ಅಂದರೆ ಮೇಡಂ ಇಳಿಸಿ ಎಂದಿದ್ದರು. ಇವರು ಫ್ಲೆಕ್ಸನ್ನು ಉಳಿಸಿಕೊಂಡು ಮೇಡಂ ಅವರನ್ನೇ ಇಳಿಸಿದ್ದರು. ಬೀಗ ಹಾಕಿದ ಬಾಗಿಲಿನ ಜಾಹೀರಾತಿಗೆ ಅವಳ ಕಣ್ಣೀರು ಗೇಟಿನ ಮೇಲೆ ನಿಂತಿತ್ತು. ಇಷ್ಟು ವರ್ಷಗಳಾದರೂ ಇದನ್ನು ಬರೆಯುವಾಗ ನನ್ನ ಕೈ ಬಿಸಿಯಾಗುತ್ತದೆ.

ಪ್ರಿನ್ಸಿಪಾಲರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನೋಡಮ್ಮಾ, ಬುಧವಾರ ಸಮಿತಿ ಬರ್ತಾ ಇದೆ. ಸೋಷಿಯಾಲಜಿ ಮೇಡಂನ ಆ ರೂಮಲ್ಲಿ ಕೂರಿಸ್ತೀವಿ. ನೀನು ಎದುರಿಗೆ ಕೂತ್ಕೋ. ಅಳೋದೇನೂ ಬೇಡ. ಸಮಿತಿಯೋರು ಕೇಳಿದ್ರೆ, ಇಲ್ಲಿಗೆ ಬಂದ್ಮೇಲೆ ಚೆನ್ನಾಗಾದೆ ಅನ್ನು. ಸುಳ್ಳೇನಲ್ಲವಲ್ಲ? ನಿನಗೆ ಹಾಜರಾತಿ ಕಮ್ಮಿ ಇದೆ, ಹಾಲ್ ಟಿಕೆಟ್ ತಡೆದಿದ್ದಾರೆ. ನಾನು ಬಿಡಿಸಿ ಕೊಡ್ತೀನಿ. ಗೇಟಿನ ವಿಷಯಾನೂ ಇಲ್ಲಿಗೇ ಮರೀತೀನಿ."

ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಹಾಲ್ ಟಿಕೆಟ್ ಸಿಗದಿದ್ದರೆ ಒಂದು ವರ್ಷ ಪೂರ್ತಿ ಹೋಗುತ್ತಿತ್ತು. ಅವಳ ಮನೆಯಲ್ಲಿ ಇನ್ನೊಂದು ವರ್ಷ ಓದಿಸುವವರಿರಲಿಲ್ಲ. ಅರ್ಧ ಗಂಟೆ ಕೂತು ಎದ್ದುಬಂದರೆ ಎಲ್ಲ ಮುಗಿಯುತ್ತಿತ್ತು. ಉಗಿದು ಬರೋಣ ಎಂದು ಕುದಿಯುತ್ತಲೇ, ಒಪ್ಪಿಕೊಳ್ಳೇ ಎಂದೂ ಕಾಲು ಒತ್ತುತ್ತಿದ್ದೆ.

"ಶಾಂಭವಿ ಮೇಡಂ ಮತ್ತೆ ಬರ್ತಾರಾ ಸಾರ್?" ಎಂದು ಕೇಳಿದಳು ವಾರಿಜಾ.

"ಅದು ಆಡಳಿತ ಮಂಡಳಿಗೆ ಬಿಟ್ಟಿದ್ದು. ಸಮಿತಿ ಹೋಗ್ಲಿ, ಆಮೇಲೆ ನೋಡೋಣ."

ಅವಳು ತಲೆಯಾಡಿಸಿದಳು, ಬೇಕಾಗಿದ್ದ ಉತ್ತರ ಸಿಕ್ಕವಳ ಹಾಗೆ.

"ಆತುರ ಏನಿಲ್ಲ" ಎಂದರು ಪ್ರಿನ್ಸಿಪಾಲರು ನಗುತ್ತಾ. "ಹಾಸ್ಟೆಲ್ಲಿಗೆ ಹೋಗಿ ಯೋಚನೆ ಮಾಡು. ನಾಳೆ ಹೇಳು."

"ನಾಳೆ ತನಕ ಯಾಕೆ ಸಾರ್, ಈಗ್ಲೇ ಹೇಳ್ತೀನಿ" ಎಂದಳು ವಾರಿಜಾ. "ಕೂರಲ್ಲ."