ಇಸ್ತ್ರಿ ಅಕ್ಕನ ನೋನಿ ಮರ

ಇಸ್ತ್ರಿ ಅಕ್ಕನ ಶವಪೆಟ್ಟಿಗೆಗೆ ನಾಲ್ವರು ಹೆಗಲು ಕೊಟ್ಟಿದ್ದೆವು. ಭಾರ ಹೊತ್ತವನು ಮಾತ್ರ ನಾನೊಬ್ಬನೇ. ಉಳಿದ ಮೂವರು ಪೆಟ್ಟಿಗೆ ಹಿಡಿದು ಜೋತಾಡುತ್ತಿದ್ದರು. ಅವರನ್ನೂ ಎಳೆದುಕೊಂಡು ಸ್ಮಶಾನದ ದಿಣ್ಣೆಯನ್ನು ಒಂದೇ ಉಸಿರಿಗೆ ಓಡಿ ಹತ್ತಿದೆ.

ಮಣ್ಣು ಮಾಡಿ ಬಂದು, ಅಕ್ಕನ ಇಸ್ತ್ರಿ ಅಂಗಡಿಯ ಹಿತ್ತಲಲ್ಲಿ ಕೂತು ಇದನ್ನೇ ಹೇಳುತ್ತಿದ್ದೆ. ಎದುರಿಗಿದ್ದ ಬೇಕರಿಯವನು ಮೂಗು ಮುಚ್ಚಿಕೊಂಡ. ನನ್ನ ಮಾತಿಗಲ್ಲ, ತಲೆಯ ಮೇಲಿನ ನೋನಿ ಮರಕ್ಕೆ. ಅದರ ಹಣ್ಣು ಕಳಿತರೆ ಹಳಸಿದ ಚೀಸಿನ ನಾತ.

"ನಾಳೆಯಿಂದ ಈ ಕಾಟ ಇಲ್ಲ ಬಿಡಿ," ಅಂದಳು ಅಕ್ಕನ ಮಗಳು. "ಅಂಗಡಿ ಬಾಡಿಗೆಗೆ ತಗೊಳ್ಳೋರು ಮರ ಕಡಿಸಿ ಅಂದ್ರು. ಹೂಂ ಅಂದಿದೀನಿ."

ನಾನು ಮರದ ಕಡೆ ಕೈ ಚಾಚಿದೆ. "ಕಡಿಸ್ತೀಯಾ? ಹುಚ್ಚೀ! ಇದು ಹುಟ್ಟಿದ ದ್ವೀಪಗಳಲ್ಲಿ ಇದರ ಎಲೆ ಇಲ್ದೆ ರಾಜರೇ ಹಾಸಿಗೆ ಬಿಟ್ಟು ಏಳಲ್ಲ. ಎಲೆ ಕೀಲುನೋವಿಗೆ, ಹಣ್ಣಿನ ರಸ ಕೆಮ್ಮಿಗೆ, ಬೇರು ಬಟ್ಟೆಯ ಬಣ್ಣಕ್ಕೆ. ನಿಮ್ಮಮ್ಮ ಎಲೆ ಕಟ್ಟಿದ್ದಕ್ಕೆ ಒಂದು ಮುರುಕು ಕುರ್ಚಿ ಎದ್ದು ನಡೀತು!"

"ನಡ್ಕೊಂಡು ಎಲ್ಲಿಗೆ ಹೋಯ್ತಪ್ಪ?" ಬೇಕರಿಯವನು ಕೇಳಿದ.

*

ಅಕ್ಕನ ಅಂಗಡಿಯ ಪಕ್ಕದಲ್ಲೇ ನನ್ನ ಗಡಿಯಾರ ರಿಪೇರಿಯ ಅಂಗಡಿ. ಸಂಜೆ ಕೊನೆಯ ಅಂಗಿ ಮಡಿಸಿದ ಮೇಲೆ, ಇಸ್ತ್ರಿಪೆಟ್ಟಿಗೆ ಆರುವ ಮೊದಲು, ಅಕ್ಕ ನೋನಿ ಎಲೆಗೆ ಎಣ್ಣೆ ಸವರಿ, ಹಳೆ ಬಟ್ಟೆಯ ನಡುವೆ ಇಟ್ಟು ಒತ್ತುವಳು. ತನ್ನ ಕೆನ್ನೆಗೆ ತಾಗಿಸಿ ಬಿಸಿ ನೋಡುವಳು.

"ಇವತ್ತು ಯಾವ ಕಾಲಪ್ಪ?"

ನಾನು ಒಂದು ಮೊಣಕಾಲು ಚಾಚುವೆ, ಅವಳು ಎಲೆ ಕಟ್ಟುವಳು. ಎಲೆ ತಣ್ಣಗಾಗುವವರೆಗೆ ಏಳಕೂಡದು. ಅಷ್ಟು ಹೊತ್ತೂ ನಾನು ಬೊಗಳೆ ಬಿಡುವೆ, ಅವಳು ಹೊಟ್ಟೆ ಹಿಡಿದುಕೊಂಡು ನಗುವಳು.

*

"ಮಾಮ," ಮಗಳು ಕಣ್ಣು ಕಿರಿದು ಮಾಡಿದಳು. "ಆ ಎಲೆಯಿಂದ ನಿಮ್ಮ ನೋವು ಹೋಯ್ತಾ?"

"ಹೋಯ್ತಾ ಅಂದ್ರೆ? ಈ ಬಲಗಾಲು ಬಿದ್ದೇ ಹೋಗಿತ್ತು!"

"ಬೆಳಿಗ್ಗೆ ಎಡಗಾಲು ಎಳೀತಿದ್ರಿ."

ಸುಳ್ಳಿಗಾಗಿ ತಡಕಾಡಿದೆ. ಒಂದೂ ಸಿಗಲಿಲ್ಲ.

"ಎರಡೂ ನೋಯ್ತಿರ್ಲಿಲ್ಲಮ್ಮ. ಯಾವತ್ತೂ. ಅಂಗಡಿ ಬಾಗಿಲು ಹಾಕಿದ್ಮೇಲೆ ನನ್ನ ಮಾತಾಡ್ಸೋರು ಬೇರೆ ಯಾರಿದ್ರು? ನಿಮ್ಮಮ್ಮಂಗೆ ಎಲ್ಲ ಗೊತ್ತಿತ್ತು. ಇವತ್ತು ದಿಣ್ಣೆ ಬುಡದಲ್ಲೇ ಹೆಗಲು ಬಿಟ್ಟೆ. ನನ್ನ ಜಾಗದಲ್ಲಿ ಈ ಬೇಕರಿಯವನೇ ಹೊತ್ತ, ಪಾಪ, ಮಾನ ತೆಗೀದೆ ಸುಮ್ನೆ ಕೂತಿದಾನೆ. ಕಾಲು ಗಟ್ಟಿಯಾಗೇ ಇತ್ತು. ಅಳು ಬಂದ್ಬಿಡ್ತು."

ಅವಳು ಮೇಲೆ ನೋಡಿದಳು. ಕೈಗೆಟಕುವ ಕೊಂಬೆಯಿಂದ ಅಗಲವಾದ ಒಂದು ಎಲೆ ಕಿತ್ತಳು.

"ಬಾಡಿಗೆಯೋರು ಮೂಗು ಮುಚ್ಕೊಳ್ಳಲಿ," ಎಂದು ಒಳಗೆ ಹೋದಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಟಕ್ಕೆಂದಿತು.

"ಯಾವ ಕಾಲು, ಮಾಮ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಬೇಕರಿಯವನು ತನ್ನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡು ಕೂತಿದ್ದ.