ಮೂರು ತಿಂಗಳ ಗಾದಿ

ಠಂಯ್ — ಬಿಲ್ಲಿನ ತಂತಿ ಇವತ್ತು ಬಿಗಿಯಾಗಿದೆ, ಪುಷ್ಯದ ಚಳಿಗೆ ಕುರಿಯ ಕರುಳೂ ಸೆಟೆದುಕೊಳ್ಳುತ್ತದೆ, ನನ್ನ ಬೆರಳಿನ ಹಾಗೆಯೇ, ಮಾಳಮಡ್ಡಿಯ ಈ ಹಿತ್ತಲಿಗೆ ಬಿಸಿಲು ಇಳಿಯುವುದೇ ತಡ, ಇಳಿದ ಮೇಲೆ ಹೊಡಿ ಮಕಬೂಲಸಾಬ, ಹೊಡಿ, ಕೊಡತಿಯಿಂದ ತಂತಿಗೆ, ತಂತಿಯಿಂದ ಅರಳೆಗೆ, ಪಿಂಜಾರ ಹುಟ್ಟಿದ್ದೇ ಹೊಡೆಯುವುದಕ್ಕೆ, ಹೊಡೆದಷ್ಟೂ ಅರಳೆ ಮೆತ್ತಗಾಗುತ್ತದೆ, ಮನುಷ್ಯರದು ಹಾಗಲ್ಲ, ನಾನೂ ಒಮ್ಮೆ ಹೆಂಡತಿ ಇಮಾಂಬಿಯ ಮೇಲೆ ಕೈ ಎತ್ತಿದ್ದೆ, ಅವಳು ಇದೇ ಕೊಡತಿ ಎತ್ತಿದಳು, ಅಲ್ಲಿಗೆ ಆ ಲೆಕ್ಕ ಮುಗಿಯಿತು — ಪಡಸಾಲೆಯಲ್ಲಿ ಯಜ್ಞೇಶ್ವರರಾಯರು ಪೇಪರು ಓದುತ್ತಿದ್ದಾರೆ, ತಾಯಿಗೆ ಕೇಳಲೆಂದು ಗಟ್ಟಿಯಾಗಿ, ಇಟಲಿಯವರು ಮತ್ತ ಬಾಂಬ್ ಒಗದಾರವ್ವ, ಅಬಿಸೀನಿಯಾದ ಮಂದಿ ಹುಳದಂಗ ಸಾಯ್ಲಿಕ್ಕತ್ತಾರ, ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತ, ಅಯ್ಯ ಪಾಪ, ಭಾಲೆ-ಈಟಿ ಹಿಡಕೊಂಡವರ ಮ್ಯಾಲೆ ವಿಮಾನದಿಂದ ಹೊಡಿಯೋದಂದ್ರ ಅದೇನು ಗಂಡಸ್ತನಾನೋ ಯಜ್ಞಾ, ಖರೇ ಮಾತು, ಅವ್ವಾರ ಮನಸ್ಸು ದೊಡ್ಡದು, ಅಬಿಸೀನಿಯಾದವರೆಗೂ ಮುಟ್ಟುತ್ತದೆ — ಠಂಯ್ — ಊರಿನ ಸುದ್ದಿ ಪೇಪರಿನಲ್ಲಿ ಎಲ್ಲಿ ಇರುತ್ತದೆ, ಗಾದಿಯಲ್ಲಿ ಇರುತ್ತದೆ, ಬಿಚ್ಚಿದವನಿಗೆ ಮಾತ್ರ ಗೊತ್ತು, ಕಮರಿಪೇಟೆಯ ಒಬ್ಬ ಅಜ್ಜನ ಗಾದಿಯಿಂದ ಹದಿನಾರು ಚಕ್ಕುಲಿ ಬಿದ್ದವು, ಸೊಸೆಗೆ ಅಂಜಿ ಬಚ್ಚಿಟ್ಟಿದ್ದನಂತೆ, ಹಲ್ಲಿಲ್ಲದವನು ಚಕ್ಕುಲಿ ಏನು ಮಾಡುತ್ತೀಯೋ ಅಂದರೆ, ಮೂಸಿ ನೋಡತೇನೋ ಮಗನ ಅಂದ, ಇನ್ನೊಂದು ಮನೆಯದರಲ್ಲಿ ಮೂಗುಬಟ್ಟು ಸಿಕ್ಕಿತು, ಅದನ್ನು ಕದ್ದಳೆಂದು ಕೆಲಸದವಳನ್ನು ಓಡಿಸಿ ಆಗಲೇ ಎರಡು ವರ್ಷವಾಗಿತ್ತು, ಗಾದಿ ಸುಳ್ಳು ಹೇಳುವುದಿಲ್ಲ — ಆದರೆ ಇದು ಯಾಕೆ ಹೀಗೆ ಗಂಟುಗಟ್ಟಿದೆ, ಇದು ನಾನೇ ಹೊಲಿದ ಗಾದಿ, ನವರಾತ್ರಿಯಲ್ಲಿ, ಇದೇ ಹಿತ್ತಲಿನಲ್ಲಿ, ಅರಳೆ ಹೀಗೆ ಗಂಟಾಗುವುದಕ್ಕೆ ಮೂರು ವರ್ಷ ಬೇಕು, ಇದಕ್ಕೆ ಆಗಿದ್ದು ಮೂರೇ ತಿಂಗಳು.

ಗಂಟಾಗಬೇಕಾದರೆ ನೆನೆಯಬೇಕು, ನೆನೆದು ಒಣಗಬೇಕು, ಅದೂ ಬರೀ ನೀರಾದರೆ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ, ಇದು ಇಟ್ಟಂಗಿಯ ಚೂರಿನ ಹಾಗೆ, ಕಂದು ಬಣ್ಣ, ಅದೂ ತಲೆಯ ಕಡೆಗೆ ಮಾತ್ರ, ಬಿಸಿಲು ತಾಗಿದರೆ ಕಬ್ಬಿಣದ ವಾಸನೆ, ಬಾಣಂತಿಯರ ಗಾದಿ ಬಿಚ್ಚಿದವನು ನಾನು, ಈ ವಾಸನೆ ನನಗೆ ಯಾರೂ ಹೇಳಿಕೊಡಬೇಕಿಲ್ಲ — ಗಾದಿಯ ಮೇಲಿನ ಖೋಳ ಮಾತ್ರ ಹೊಸದು, ನಾನು ಹೊಲಿದದ್ದು ನೀಲಿ ಪಟ್ಟೆಯದು, ಹಳೇ ಖೋಳ ಇಲಿ ಕಡದಿದ್ವು, ಒಗದ್ವಿ, ಅಂದರು ಬೆಳಿಗ್ಗೆ ಅವ್ವಾರು, ನಾನು ಕೇಳುವುದಕ್ಕೆ ಮೊದಲೇ ಅಂದರು, ಮಾಘದಾಗ ಯಜ್ಞಾನ ಲಗ್ನ ಅದ, ಛಲೋತ್ನಂಗ ಹಿಂಜು, ಹುಡುಗಿ ಇನ್ನೂ ಸಣ್ಣಾಕಿ, ಮೆತ್ತಗ ಆಗ್ಬೇಕು ನೋಡು — ರಾಯರ ಮೊದಲಿನ ಹೆಂಡತಿ, ಮಂದಾಕಿನಿಬಾಯಿ, ದೀಪಾವಳಿ ದಾಟಿ ಎಂಟು ದಿನಕ್ಕೆ ಬಾವಿಯ ಕಟ್ಟೆಯ ಮೇಲೆ ಕಾಲು ಜಾರಿ ಬಿದ್ದು ತಲೆ ಒಡೆದು ಹೋದರು, ಊರಿಗೆಲ್ಲ ಹಾಗೆಯೇ ಗೊತ್ತು, ಬಾವಿ ಅಗೋ ಅಲ್ಲಿದೆ, ಗಾದಿ ಮಹಡಿಯ ಮೇಲಿತ್ತು, ಹೆಣ ಮಲಗಿದ್ದ ಗಾದಿಯನ್ನು ಇವರ ಪೈಕಿ ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹೊರಗೆ ಕೊಟ್ಟುಬಿಡುತ್ತಾರೆ, ಕೊಟ್ಟಿದ್ದರೆ ನೆರೆಯವರು ಕೇಳುತ್ತಿದ್ದರು, ಬಾವಿಕಟ್ಟಿ ಮ್ಯಾಲೆ ಸತ್ತಾಕಿಗೆ ಗಾದಿ ಯಾಕವ್ವ ಅಂತ, ಅದಕ್ಕೇ ಇಟ್ಟುಕೊಂಡರು, ತೊಳೆದರು, ಅರಳೆ ತೊಳೆಯಲು ಬಾರದವರು ತೊಳೆದರು — ಠಂಯ್, ಠಂಯ್ — ಮಂದಾಕಿನಿಬಾಯಿ ನನಗೆ ನೀರು ಹಾಕುತ್ತಿದ್ದರು, ನವರಾತ್ರಿಯ ಆ ದಿನ, ಮೇಲಿನಿಂದ ಬೊಗಸೆಗೆ, ನೀರಿಗಿಂತ ಮೊದಲು ಒಂದು ಬೆಲ್ಲದ ಚೂರು, ಉರಿಬಿಸಲಾಗ ಬರೇ ನೀರು ಕುಡೀಬಾರದು ಕಾಕಾ, ಕಾಕಾ ಅಂದವರು ಈ ಓಣಿಯಲ್ಲಿ ಅವರೊಬ್ಬರೇ, ಕೈ ಎತ್ತಿದಾಗ ಸೆರಗು ಸರಿಯಿತು, ಮೊಣಕೈತನಕ ಬಾಸುಂಡೆ, ಹಸಿರು ಬಳೆ ಒಡೆದು ಚುಚ್ಚಿದ ಗಾಯ, ನಾನು ನೀರು ನೋಡಿದೆ, ನೀರನ್ನೇ ನೋಡಿದೆ, ಆಕೆ ಮೆಲ್ಲಗೆ, ಕಾಕಾ, ನಿಮ್ಮ ದಾರ್ಯಾಗ ರಾಯಾಪುರ ಹತ್ತತದಲ್ಲಾ, ರಸ್ತಾದ ಬಾಜೂಕ ಬೇವಿನಗಿಡದ ಮನಿ, ನಮ್ಮಣ್ಣ ಪಂಢರಿನಾಥ, ಅವಗ ಒಂದು ಮಾತು ಹೇಳ್ರಿ, ಲಗೂ ಬಾ ಅಂತ ಹೇಳ್ರಿ, ಅಷ್ಟ ಹೇಳ್ರಿ ಸಾಕು — ಹೇಳತೇನ್ರಿ ತಂಗೀ, ಅದೆಷ್ಟರ ಮಾತು, ಅಂದೆ, ಬೆಲ್ಲ ಇನ್ನೂ ಬಾಯಲ್ಲಿತ್ತು.

ಅದೆಷ್ಟರ ಮಾತು — ಬಿಲ್ಲು ಹೆಗಲಿಗೇರಿಸಿ ಹೊರಟರೆ ಹುಬ್ಬಳ್ಳಿಯ ನನ್ನ ಮನೆಯ ದಾರಿ ರಾಯಾಪುರದ ಮೇಲೆಯೇ, ಇಪ್ಪತ್ತು ವರ್ಷ ನಡೆದ ದಾರಿ, ಆದರೆ ಆ ದಿನ ಹುಬ್ಬಳ್ಳಿಯಲ್ಲಿ ಮಾತಾಡುವ ಸಿನೆಮಾ, ಕಡೆಯ ದಿನ, ಕತ್ತಿ ಹಿಡಿದ ಹೆಂಗಸೊಬ್ಬಳು ಹನ್ನೊಂದು ಗಂಡಸರನ್ನು ಹೊಡೆದು ಹಾಕುತ್ತಾಳಂತೆ, ನಡೆದು ಹೋದರೆ ಸಿಗುವುದಿಲ್ಲವೆಂದು ಜನ್ಮದಲ್ಲಿ ಮೊದಲ ಸಲ ಮೋಟರು ಹತ್ತಿದೆ, ಬಿಲ್ಲನ್ನು ಮೋಟರಿನ ಮಾಡಿಗೆ ಕಟ್ಟಿಸಿದೆ, ಮೋಟರು ರಾಯಾಪುರದಲ್ಲಿ ನಿಲ್ಲಲಿಲ್ಲ, ನಾನೂ ನಿಲ್ಲಿಸು ಅನ್ನಲಿಲ್ಲ, ಬೇವಿನಗಿಡ ಹಾಗೆ ಹಿಂದಕ್ಕೆ ಓಡಿತು, ಗಿಡ ಓಡುತ್ತದಲ್ಲಾ ಎಂದು ನಕ್ಕೆ, ಬರುವ ವಾರ ಹೇಳಿದರಾಯಿತು ಅಂದುಕೊಂಡೆ, ಸಿನೆಮಾದಲ್ಲಿ ಆ ಹೆಂಗಸು ಒಬ್ಬನ ಎದೆಗೆ ಕತ್ತಿ ಹಾಕಿದಾಗ ಎದ್ದು ನಿಂತು ಹೊಡಿ ಹೊಡಿ ಎಂದು ಕೂಗಿದವನು ನಾನೇ, ಮನೆಯಲ್ಲಿ ಬಿಲ್ಲನ್ನೇ ಕತ್ತಿ ಮಾಡಿ ಕುಣಿದೆ, ಇಮಾಂಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬರುವ ವಾರ ಕುಂದಗೋಳದ ಕಡೆ ಕೆಲಸ ಬಂತು, ಆಮೇಲೆ ದೀಪಾವಳಿ, ಆಮೇಲೆ ಸುದ್ದಿ — ಸುದ್ದಿ ಕೇಳಿದ ದಿನವೂ ಹೋಗಲಿಲ್ಲ, ಹೋಗಿ ಏನು ಹೇಳಲಿ, ಯಾಕ ಆವತ್ತು ಬರಲಿಲ್ಲ ಅಂದರೆ ಸಿನೆಮಾ ಇತ್ರಿ ಅನ್ನಲೇ — ಠಂಯ್ — ತಂತಿಗೆ ಏನೋ ತಾಗಿತು, ಕಿಣ್ ಅಂದಿತು, ಕಲ್ಲಲ್ಲ, ಬೆರಳಿಗೆ ಚುಚ್ಚಿತು, ಬಿಳಿಯ ಅರಳೆಯಲ್ಲಿ ಹಸಿರು, ಬಳೆಯ ಚೂರು, ಬಾಗಿದ್ದು, ಉಗುರಿನಷ್ಟೇ, ಗಾದಿಯ ಒಳಗೆ, ತಲೆಯ ಕಡೆಗೆ, ಬಾವಿಯ ಹತ್ತಿರ ಅಲ್ಲ.

ಯಾಕ ನಿಲ್ಲಿಸಿದ್ಯೋ ಮಕಬೂಲಾ, ಅವ್ವಾರು ಹಿತ್ತಲ ಬಾಗಿಲಲ್ಲಿ, ಕೈಯಲ್ಲಿ ಮೊರ, ಸಂಜೀಕ ಹೊಲದು ಮುಗಿಸ್ಬೇಕು ನೋಡು, ನಾನು ಈ ಕೊಡತಿ ಎತ್ತಿದರೆ ಒಂದೇ ಏಟು, ಆ ಮೊರ ಹಾರಿ, ಅಕ್ಕಿಯೆಲ್ಲ ಹಾರಿ, ಪಡಸಾಲೆಗೆ ನುಗ್ಗಿ ಅವನ ಪೇಪರಿನ ಮೇಲೆಯೇ, ತಲೆಬುರುಡೆ ಕಾಯಿಯ ಹಾಗೆ, ಹೊಡಿ, ಹೊಡಿ — ಕೊಡತಿ ಕೈಯಲ್ಲೇ ಇದೆ, ನಾನು ಸಿನೆಮಾದ ಹೆಂಗಸಲ್ಲ, ಎದ್ದೆ, ಬಳೆಯ ಚೂರು ಮುಷ್ಟಿಯಲ್ಲಿ ಹಿಡಿದು ಬಿಲ್ಲು ಹೆಗಲಿಗೆ ಹಾಕಿದೆ, ಅರಳೆ ಹಿತ್ತಲ ತುಂಬ ಬಿಚ್ಚಿ ಬಿದ್ದಿದೆ, ಕಂದು ಗಂಟು ಒಂದು ಕಡೆ, ಬಿಳಿ ಒಂದು ಕಡೆ, ಬಿಸಿಲಿನಲ್ಲಿ ಬೇಕಾದವರು ನೋಡಲಿ, ಹಿಂಗ ಬಿಟ್ಟು ಎಲ್ಲಿಗೆ ಹೊಂಟ್ಯೋ, ರಾಯಾಪುರಕ್ಕ ಹೊಂಟೇನ್ರಿ ಅವ್ವಾರ, ಒಂದು ಮಾತು ಹೇಳೂದು ಉಳದೈತಿ — ಪಡಸಾಲೆಯಲ್ಲಿ ಅಬಿಸೀನಿಯಾ ನಿಂತುಹೋಯಿತು, ಪೇಪರು ಮಡಚಿದ ಸಪ್ಪಳ, ಮಕಬೂಲಾ, ತಡಿ, ಇಲ್ಲೆ ಬಾ, ನಾನು ತಿರುಗಲಿಲ್ಲ, ರಸ್ತೆಯಲ್ಲಿ ಮೋಟರು ಪೋಂ ಅಂದು ಪಕ್ಕದಲ್ಲಿ ನಿಂತಿತು, ಹತ್ತಲಿಲ್ಲ, ನಡೆದೆ, ಬೇವಿನಗಿಡ ಈ ಸಲ ಓಡಲಿಲ್ಲ, ಇದ್ದಲ್ಲೇ ಇತ್ತು, ನಾನೇ ಅದರ ಹತ್ತಿರ ಹೋಗಬೇಕಾಯಿತು, ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದವರು ತಲೆ ಎತ್ತಿದರು, ಅದೇ ಕಣ್ಣು, ತಂಗಿಯದೇ, ಯಾರಪಾ, ಗಾದಿ ಹಿಂಜೂದು ಏನೂ ಇಲ್ಲ ನಮ್ಮಲ್ಲೆ, ಇಲ್ಲರೀ, ನಿಮ್ಮ ತಂಗಿ ಒಂದು ಮಾತು ಹೇಳಿ ಕಳಿಸ್ಯಾರ್ರಿ, ಯಾರು, ಮಂದಾಕಿನಿಬಾಯಾರ್ರಿ, ಲಗೂ ಬಾ ಅಂತ ಹೇಳ್ಯಾರ್ರಿ — ಹಗ್ಗ ಅವರ ಕೈಯಿಂದ ಜಾರಿತು, ಏನಂತಿ, ಅಕೀ ಹೋಗಿ, ಅಕೀ ಹೋಗಿ, ಯಾವಾಗ ಹೇಳಿದ್ಲು, ಯಾವಾಗ, ನನ್ನ ಬಾಯಲ್ಲಿ ಬೆಲ್ಲದ ರುಚಿ, ಮುಷ್ಟಿ ಬಿಚ್ಚಿದೆ, ಬೆವರಿಗೆ ಅರಳೆ ಅಂಟಿದೆ, ಬಿಳಿಯ ನಡುವೆ ಹಸಿರು, ಬಾಗಿದ್ದು, ಉಗುರಿನಷ್ಟೇ, ಹಸಿರು —