ಹುಲಿ ರೂಪಾಯಿ

ಆಲಮೇಲದ ಜೈತುನಬಿ ಹೊಲಿಗೆಯಲ್ಲಿ ಎತ್ತಿದ ಕೈ. ಭಾವನ ಮಗ ಜುಲ್ಫಿಕರನ ನಿಕಾಹಿಗೆ ಹೆಣ್ಣಿನ ಜಂಪರ ತಾನೇ ಹೊಲಿಯುತ್ತೇನೆಂದು ಹಟ ಹಿಡಿದು, ಅಳತೆಗೆಂದು ಬಸ್ಸು ಹತ್ತಿ ಬಸವನ ಬಾಗೇವಾಡಿಗೆ ಬಂದೇಬಿಟ್ಟಳು. ಮದುವೆ ಹುಡುಗಿ ಗುಲನಾಜ ಮುತ್ತಜ್ಜಿಯ ರೂಪಾಯಿ ಸರ ಹಾಕಿಕೊಂಡೇ ಅಳತೆಗೆ ನಿಂತಳು. ನಿಕಾಹಿಗೂ ಇದೊಂದೇ, ಬೇರೆ ಏನೂ ಬೇಡ ಅಂತ ಮನೆಯಲ್ಲಿ ಎಂದೋ ಸಾರಿಬಿಟ್ಟಿದ್ದಳು.

ಅಳೆಯುವಾಗ ಬಟ್ಟೆಗೆ ಚುಚ್ಚುವ ಟಾಚಣಿಯೊಂದು ಜಾರಿ ಜಂಪರಿನ ಮಡಿಕೆಯೊಳಗೆ ಮಾಯವಾಯಿತು. ಜೈತುನಬಿ ಚಾಚಿ ಚೀಲದಿಂದ ಅಯಸ್ಕಾಂತ ತೆಗೆದು ಹಿಡಿದಳು. ಟಾಚಣಿ ಬರುವ ಮೊದಲೇ ಸರದ ನಡುವಿನ ಹುಲಿ ಚಿತ್ರದ ರೂಪಾಯಿ ಟಪ್ಪೆಂದು ಹೋಗಿ ಅಂಟಿತು. ಉಳಿದವು ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಬೆಳ್ಳಿ ಸರದಾಗ ಯಾರೋ ಖೊಟ್ಟಿ ನಾಣ್ಯ ಸೇರಿಸ್ಯಾರ ನೋಡವಾ. ಇದು ಕಬ್ಬಿಣ ಐತಿ.”

ಗುಲನಾಜಳ ಅಮ್ಮನ ಮುಖ ಸಣ್ಣದಾಯಿತು. ಚಾಚಿ ಸಮಾಧಾನ ಹೇಳಿದಳು: ಸಿಂದಗಿಯಲ್ಲಿ ತನ್ನ ಪರಿಚಯದ ಅಕ್ಕಸಾಲಿ ಇದ್ದಾನೆ, ಇದನ್ನು ಕಿತ್ತು ಬೆಳ್ಳಿಯದು ಕೂಡಿಸುತ್ತಾನೆ, ಇಂದೇ ಕೊಟ್ಟುಬಿಡಿ. ಅಮ್ಮ ಸರದ ಕೊಂಡಿಗೆ ಕೈ ಹಾಕಿದಳು. ಗುಲನಾಜ ಸರ ಗಟ್ಟಿಯಾಗಿ ಹಿಡಿದುಕೊಂಡಳು. ಈ ರೂಪಾಯಿ ನಲವತ್ತೇಳನೇ ಇಸವಿಯದು, ಯುದ್ಧದಿಂದ ಬೆಳ್ಳಿ ಸಿಗದಂತಾಗಿ ಸರಕಾರವೇ ನಿಕ್ಕಲಿನಲ್ಲಿ ಹೊಡೆಸಿದ್ದು ಎಂದು ಒಂದೇ ಉಸಿರಿಗೆ ಹೇಳಿದಳು.

“ನಿಕ್ಕಲ್ಲೂ ಅಂಟತೈತ್ರಿ ಚಾಚಿ. ನಿಮ್ಮ ಪರ್ಸಿನಾಗಿನ ಒಂದ್ ರೂಪಾಯಿ ಹಚ್ಚಿ ನೋಡ್ರಿ. ಅಂಟಿದ್ರ ಅದನ್ನೂ ಖೊಟ್ಟಿ ಅಂತ ಒಗೀತೀರೇನು?”

ಚಾಚಿ ಹಚ್ಚಿ ನೋಡಿದಳು. ಅಂಟಿತು. “ಆದ್ರೂ ಇದು ಬೆಳ್ಳಿ ಅಲ್ಲಲ್ಲ,” ಅಂದಳು.

“ಅಲ್ರಿ. ಬೆಳ್ಳಿ ಐತಿ ಅಂತ ನಾ ಯಾರಿಗೂ ಹೇಳಂಗೂ ಇಲ್ಲ.”

ಬೆಳ್ಳಿಯವು ಮುತ್ತಜ್ಜಿಗೆ ತವರಿನವರು, ಗಂಡನ ಮನೆಯವರು ಹಾಕಿದವು. ಈ ಒಂದನ್ನು ಮಾತ್ರ ಆಕೆ ಮಸೂತಿ ಊರಿನ ಹೊಲಗಳಲ್ಲಿ ಕುಸುಬಿಯ ಮುಳ್ಳು ಚುಚ್ಚಿಸಿಕೊಂಡು ದುಡಿದು ಗಳಿಸಿದ್ದಳು. ಗಂಡ ಕೇಳಿದರೂ ಕೊಡದೆ, ಬೆಳ್ಳಿಯನ್ನೆಲ್ಲ ಆಚೀಚೆ ಸರಿಸಿ ತನ್ನ ರೂಪಾಯಿಯನ್ನು ನಟ್ಟನಡುವೆ ಪೋಣಿಸಿಕೊಂಡಿದ್ದಳು.

“ಮಂದಿ ನಗ್ತಾರವಾ,” ಚಾಚಿಯ ದನಿ ಮೆತ್ತಗಾಗಿತ್ತು. “ಹೋಗ್ಲಿ, ಜಂಪರಿನ ಕೊಳ್ಳ ಮ್ಯಾಲ ಏರಿಸಿ ಹೊಲೀತೇನಿ. ಮುಚ್ಚಿಹೋಗತೈತಿ.”

“ನಗಲ್ರಿ. ನೀವು ಕೊಳ್ಳ ಕೆಳಗ ಇಳಸ್ರಿ. ಹುಲಿ ಪೂರಾ ಕಾಣಬೇಕು.”

ಅಮ್ಮ ಕೊಂಡಿಯಿಂದ ಕೈ ತೆಗೆದಳು. ಈ ಹುಡುಗಿಗೆ ಬಾಯಿ ಬಹಳ ಎಂದು ಗೊಣಗುತ್ತ ಚಾಚಿ ಸೀಮೆಸುಣ್ಣದಿಂದ ಜಂಪರಿನ ಕೊರಳಿಗಿಂತ ಎರಡು ಬೆರಳು ಕೆಳಗೆ ಗೆರೆ ಎಳೆದಳು.

ಸಾಲದು ಅಂದಳು ಗುಲನಾಜ.